ಮನೆಯಲ್ಲೇ ಗುಣವಾದ ಕ್ಷಯ: ನಮ್ಮ ಮದ್ರಾಸು ಜಗತ್ತಿಗೆ ಕಲಿಸಿದ ಪಾಠ

ಈ ಸಲದ ಇ-ಸಂಚಿಕೆಗೆ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಮಹಿಳಾ ವಿಭಾಗದವರು ಕೇಳಿದಾಗ ಮೊದಲು ಹಿಂಜರಿದೆ. ನಾನು ವೈದ್ಯೆಯಲ್ಲ, ಇತಿಹಾಸ ಓದಿದ ಒಬ್ಬ ಗೃಹಿಣಿ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನನ್ನನ್ನು ಅರವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು. ಆಗ ತಿಳಿದುಕೊಂಡ ವಿಷಯ ನಾನೊಬ್ಬಳೇ ಇಟ್ಟುಕೊಳ್ಳುವಂಥದ್ದಲ್ಲ ಅನ್ನಿಸಿತು. ಮಗಳನ್ನು ಕೇಳಿ, ಅವಳು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ಬೀಚ್‌ನಿಂದ ತಾಂಬರಂಗೆ ಹೋಗುವ ಲೋಕಲ್ ರೈಲು ಹತ್ತಿದವರಿಗೆಲ್ಲ ಕ್ರೋಂಪೇಟೆ ದಾಟಿದ ಮೇಲೆ ಬರುವ ನಿಲ್ದಾಣ ಗೊತ್ತು. ಅದರ ಹೆಸರು ತಾಂಬರಂ ಸ್ಯಾನಟೋರಿಯಂ. ನಾವೆಲ್ಲ "ಸ್ಯಾನಟೋರಿಯಂನಲ್ಲಿ ಇಳೀಬೇಕು" ಎಂದು ದಿನವೂ ಹೇಳುತ್ತೇವೆ. ಆ ಪದದ ಅರ್ಥವೇನು, ಅದು ಊರಿನ ಹೆಸರಾದದ್ದು ಹೇಗೆ ಎಂದು ಯೋಚಿಸುವವರು ಕಡಿಮೆ. ನಾನೂ ಯೋಚಿಸಿರಲಿಲ್ಲ. ನನ್ನ ಅಜ್ಜಿ ಮಾತ್ರ ಆ ನಿಲ್ದಾಣ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದರು. ಚಿಕ್ಕವಳಾಗಿದ್ದಾಗ ಅದನ್ನು ಎಷ್ಟೋ ಸಲ ನೋಡಿದ್ದೆ.

ಅಜ್ಜಿಯ ಇನ್ನೊಂದು ಅಭ್ಯಾಸವೂ ನೆನಪಿದೆ. ಅವರಿಗೆ ಒಂದು ಬೇರೆ ಹಿತ್ತಾಳೆ ಲೋಟ ಇತ್ತು. ಅಂಚಿನಲ್ಲಿ ಮೊಳೆಯಿಂದ ಗೀಚಿದ ಗುರುತು. ಕಾಫಿ, ನೀರು, ಮಜ್ಜಿಗೆ ಎಲ್ಲವೂ ಅದರಲ್ಲೇ. ಅದನ್ನು ಅವರೇ ತೊಳೆದು ಬೇರೆ ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ನಾವು ಮೊಮ್ಮಕ್ಕಳು ಅದರಲ್ಲಿ ನೀರು ಕುಡಿಯಲು ಹೋದರೆ ಕಸಿದುಕೊಳ್ಳುತ್ತಿದ್ದರು. ಅಜ್ಜಿಗೆ ಮಡಿ ಜಾಸ್ತಿ ಎಂದುಕೊಂಡಿದ್ದೆವು. ಅವರು ತೀರಿಕೊಂಡದ್ದು 2003ರಲ್ಲಿ. ಆಮೇಲೆ ಅಮ್ಮ ನಿಜ ಹೇಳಿದರು. 1961ರಲ್ಲಿ, ಅಮ್ಮನಿಗೆ ಆರು ವರ್ಷವಿದ್ದಾಗ, ಅಜ್ಜಿಗೆ ಕ್ಷಯ ಬಂದಿತ್ತು. ಅಜ್ಜಿಗೆ ಆಗ 26 ವರ್ಷ.

ಅಜ್ಜ ಕುಂದಾಪುರದ ಕಡೆಯಿಂದ ಬಂದವರು. ತಿರುವಲ್ಲಿಕೇಣಿಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿದ್ದರು. ಎಂಟು ಸಂಸಾರಗಳಿದ್ದ ವಠಾರದಲ್ಲಿ ವಾಸ. ಹೆಂಡತಿಗೆ ಕ್ಷಯ ಎಂದು ಗೊತ್ತಾದರೆ ಹೋಟೆಲಿನ ಕೆಲಸವೂ ಹೋಗುತ್ತದೆ, ವಠಾರವೂ ಬಿಡಬೇಕಾಗುತ್ತದೆ ಎಂಬ ಭಯ ಅವರಿಗೆ. ಹಾಗಾಗಿ ಕೇಳಿದವರಿಗೆಲ್ಲ "ಅವಳಿಗೆ ಅಸ್ತಮಾ" ಎಂದು ಹೇಳಿದರು. ಮಾತ್ರೆ ಎಣಿಸಲು ಬರುತ್ತಿದ್ದ ನರ್ಸಮ್ಮನನ್ನು ಮಗುವಿಗೆ ಚುಚ್ಚುಮದ್ದು ಹಾಕಲು ಬಂದವರು ಎಂದು ತೋರಿಸಿದರು. ಅಜ್ಜಿ ಒಂದು ವರ್ಷ ಮಾತ್ರೆ ನುಂಗಿದರು, ಗುಣವಾದರು, ಆಮೇಲೆ ಇನ್ನಿಬ್ಬರು ಮಕ್ಕಳನ್ನು ಹೆತ್ತರು, ನಲವತ್ತು ವರ್ಷ ಬದುಕಿದರು. ಆದರೆ ಆ ಲೋಟವನ್ನು ಬಿಡಲಿಲ್ಲ.

ಈ ಕಥೆ ಕೇಳಿದಾಗ ನನಗೆ ಹೊಳೆಯದ ಒಂದು ಪ್ರಶ್ನೆ ಇತ್ತು. ಆ ಕಾಲದಲ್ಲಿ ಕ್ಷಯ ಬಂದವರನ್ನು ಸ್ಯಾನಟೋರಿಯಂಗೆ ಕಳಿಸುತ್ತಿದ್ದರಲ್ಲ, ಅಜ್ಜಿ ಮನೆಯಲ್ಲೇ ಉಳಿದದ್ದು ಹೇಗೆ? ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ. ಅದು ನಮ್ಮ ಚೆನ್ನೈನ ಚೇಟ್‌ಪೇಟೆಯಲ್ಲೇ ಇತ್ತು.

ಔಷಧವಿಲ್ಲದ ಕಾಲ

ಕ್ಷಯ ನಮಗೆ ಹೊಸ ರೋಗವಲ್ಲ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಅದಕ್ಕೆ ರಾಜಯಕ್ಷ್ಮ ಎಂಬ ಹೆಸರಿದೆ. ದೇಹ ದಿನದಿನಕ್ಕೆ ಕ್ಷಯಿಸುತ್ತದೆ, ಆದ್ದರಿಂದ ಕ್ಷಯ. ಇದು ವಂಶದಿಂದ ಬರುತ್ತದೆ, ಶಾಪದಿಂದ ಬರುತ್ತದೆ ಎಂಬ ನಂಬಿಕೆಗಳಿದ್ದ ಕಾಲದಲ್ಲಿ, 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಖ್ ಇದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ಬರ್ಲಿನ್‌ನಲ್ಲಿ ಪ್ರಕಟಿಸಿದರು. ಅದಕ್ಕೇ ಮಾರ್ಚ್ 24 ಇಂದಿಗೂ ವಿಶ್ವ ಕ್ಷಯರೋಗ ದಿನ. ಕಾರಣ ತಿಳಿಯಿತು, ಔಷಧ ಮಾತ್ರ ಇರಲಿಲ್ಲ. ಅದಕ್ಕೆ ಇನ್ನೂ ಅರವತ್ತು ವರ್ಷ ಕಾಯಬೇಕಾಯಿತು.

ಆ ನಡುವಿನ ಕಾಲದಲ್ಲಿ ಇದ್ದದ್ದು ಸ್ಯಾನಟೋರಿಯಂ ಮಾತ್ರ. ಊರಿನಿಂದ ದೂರ, ಗಾಳಿ ಬೆಳಕು ಚೆನ್ನಾಗಿರುವ ಜಾಗದಲ್ಲಿ ರೋಗಿಯನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಲಗಿಸುವುದು, ಹಾಲು, ಮೊಟ್ಟೆ, ಒಳ್ಳೆಯ ಊಟ ಕೊಡುವುದು, ಪೂರ್ತಿ ವಿಶ್ರಾಂತಿ. ಕೆಲವರು ಚೇತರಿಸಿಕೊಳ್ಳುತ್ತಿದ್ದರು. ಬಹಳ ಜನ ಮನೆಗೆ ಮರಳುತ್ತಿರಲಿಲ್ಲ.

ಅರಮನೆಯವರನ್ನೂ ಕ್ಷಯ ಬಿಡಲಿಲ್ಲ. ಮೈಸೂರಿನವರಿಗೆ ಪಿ.ಕೆ. ಸ್ಯಾನಟೋರಿಯಂ ಗೊತ್ತಿರುತ್ತದೆ. ಪಿ.ಕೆ. ಎಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಅವರನ್ನು ಬಲಿ ತೆಗೆದುಕೊಂಡ ರೋಗಕ್ಕೆ ಅವರ ಹೆಸರಿನಲ್ಲೇ ಆಸ್ಪತ್ರೆ ಕಟ್ಟಲಾಯಿತು. ಜವಾಹರಲಾಲ್ ನೆಹರೂ ಅವರ ಪತ್ನಿ ಕಮಲಾ ನೆಹರೂ 1936ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕ್ಷಯದಿಂದಲೇ ತೀರಿಕೊಂಡರು. ದೊಡ್ಡವರಿಗೇ ಹೀಗಾದರೆ ವಠಾರದಲ್ಲಿ ಇದ್ದವರ ಪಾಡು ಊಹಿಸಿಕೊಳ್ಳಿ.

ನಮ್ಮ ಚೆನ್ನೈಗೆ ಬರೋಣ. ಡಾ. ಡೇವಿಡ್ ಚೌರಿ ಮುತ್ತು ಎಂಬ ವೈದ್ಯರು ಇಂಗ್ಲೆಂಡಿನ ಮೆಂಡಿಪ್ ಹಿಲ್ಸ್ ಎಂಬಲ್ಲಿ ಸ್ಯಾನಟೋರಿಯಂ ನಡೆಸುತ್ತಿದ್ದರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅಲ್ಲಿ ಕೆಲ ಕಾಲ ಅವರ ರೋಗಿಯಾಗಿದ್ದರು. ಚೌರಿ ಮುತ್ತು ಭಾರತಕ್ಕೆ ಮರಳಿ 1928ರಲ್ಲಿ ತಾಂಬರಂ ಬಳಿ ಕಟ್ಟಿದ್ದೇ ನಮ್ಮ ರೈಲು ನಿಲ್ದಾಣಕ್ಕೆ ಹೆಸರು ಕೊಟ್ಟ ಸ್ಯಾನಟೋರಿಯಂ. 1937ರಲ್ಲಿ ಅದು ಸರ್ಕಾರದ ಕೈಗೆ ಬಂತು. ಇಂದಿಗೂ ಅದು ಎದೆರೋಗಗಳ ಸರ್ಕಾರಿ ಆಸ್ಪತ್ರೆ. ರಾಮಾನುಜನ್ ಮಾತ್ರ ಅದನ್ನು ನೋಡಲು ಬದುಕಿರಲಿಲ್ಲ. 1920ರ ಏಪ್ರಿಲ್ 26ರಂದು, 32ನೇ ವಯಸ್ಸಿನಲ್ಲಿ, ಚೇಟ್‌ಪೇಟೆಯ ಮನೆಯೊಂದರಲ್ಲಿ ತೀರಿಕೊಂಡರು. ಅವರಿಗೆ ಕ್ಷಯವೆಂದೇ ಚಿಕಿತ್ಸೆ ನಡೆದಿತ್ತು. ಯಕೃತ್ತಿನ ಅಮೀಬಿಯಾಸಿಸ್ ಆಗಿದ್ದಿರಬಹುದು ಎಂದು ಈಚಿನ ವೈದ್ಯರು ವಾದಿಸಿದ್ದಾರೆ. ರೋಗ ಯಾವುದು ಎಂದು ಸರಿಯಾಗಿ ಗುರುತಿಸುವುದೇ ಆಗ ಅಷ್ಟು ಕಷ್ಟವಿತ್ತು.

ಔಷಧ ಬಂತು, ಹಾಸಿಗೆ ಸಾಲಲಿಲ್ಲ

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. ಅದೇ ದಶಕದಲ್ಲಿ ಪಿ.ಎ.ಎಸ್. ಎಂಬ ಔಷಧ ಬಂತು. 1952ರಲ್ಲಿ ಐಸೊನಯಾಜಿಡ್ ಬಂತು. ಅದು ಅಗ್ಗ, ಸಣ್ಣ ಮಾತ್ರೆ, ಬಾಯಲ್ಲಿ ನುಂಗಿದರೆ ಸಾಕು. ಒಂದೇ ಔಷಧ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಪಳಗಿಬಿಡುತ್ತದೆ, ಎರಡು ಮೂರು ಸೇರಿಸಿ ಕೊಟ್ಟರೆ ಪಳಗಲು ಅವಕಾಶ ಸಿಗುವುದಿಲ್ಲ ಎಂಬುದೂ ಅಷ್ಟರಲ್ಲಿ ತಿಳಿದಿತ್ತು.

ಆದರೆ ಪಾಶ್ಚಾತ್ಯ ದೇಶಗಳಲ್ಲಿ ಈ ಔಷಧಗಳನ್ನೂ ಸ್ಯಾನಟೋರಿಯಂನಲ್ಲಿ ಮಲಗಿಸಿಯೇ ಕೊಡುತ್ತಿದ್ದರು. ಭಾರತದಲ್ಲಿ ಅದು ಆಗುವ ಮಾತಾಗಿರಲಿಲ್ಲ. ರೋಗಿಗಳು ಲಕ್ಷಗಳ ಲೆಕ್ಕದಲ್ಲಿ, ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ. ಹಾಸಿಗೆಗಾಗಿ ಕಾಯುತ್ತ ಕಾಯುತ್ತಲೇ ಜನ ಸಾಯುತ್ತಿದ್ದರು. ಹಾಸಿಗೆ ಸಿಕ್ಕರೂ ಮನೆಯ ಹೆಂಗಸು ವರ್ಷಗಟ್ಟಲೆ ಹೋಗಿ ಮಲಗಿದರೆ ಮಕ್ಕಳಿಗೆ ಅನ್ನ ಬೇಯಿಸುವವರು ಯಾರು? ಮೊಲೆಹಾಲು ಕುಡಿಯುವ ಕೂಸಿನ ಗತಿ ಏನು? ದುಡಿಯುವ ಗಂಡಸು ಹೋದರೆ ಬಾಡಿಗೆ ಕಟ್ಟುವವರು ಯಾರು?

ಹಾಗಾದರೆ ರೋಗಿ ಮನೆಯಲ್ಲೇ ಇದ್ದು, ಮಾತ್ರೆ ನುಂಗಿದರೆ ಗುಣವಾಗುತ್ತದೆಯೇ? ಇದೇ ಪ್ರಶ್ನೆಗೆ ಉತ್ತರ ಹುಡುಕಲು 1956ರಲ್ಲಿ ಮದ್ರಾಸಿನ ಚೇಟ್‌ಪೇಟೆಯಲ್ಲಿ ಟ್ಯೂಬರ್ಕ್ಯುಲೋಸಿಸ್ ಕೀಮೋಥೆರಪಿ ಸೆಂಟರ್ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಇದನ್ನು ನಡೆಸಿದವು. ಮೊದಲ ವರ್ಷಗಳಲ್ಲಿ ಮುಂದಾಳತ್ವ ವಹಿಸಿದವರು ಬ್ರಿಟಿಷ್ ವೈದ್ಯ ವಾಲೇಸ್ ಫಾಕ್ಸ್. ಇದೇ ಸಂಸ್ಥೆ ಇಂದಿನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಚೇಟ್‌ಪೇಟೆಯ ಸ್ಪರ್‌ಟ್ಯಾಂಕ್ ರಸ್ತೆಯಲ್ಲಿ ಇಂದಿಗೂ ಇದೆ. ಎಗ್ಮೋರಿಗೆ ಹೋಗುವಾಗ ನಮ್ಮಲ್ಲಿ ಎಷ್ಟೋ ಜನ ಅದರ ಮುಂದೆಯೇ ಹಾದುಹೋಗಿರುತ್ತೇವೆ.

ಚೇಟ್‌ಪೇಟೆಯ ಪರೀಕ್ಷೆ

ಅವರು ಮಾಡಿದ್ದು ಕೇಳಲು ಸರಳ. ಕಫದಲ್ಲಿ ರೋಗಾಣು ಕಂಡ 193 ರೋಗಿಗಳನ್ನು ತೆಗೆದುಕೊಂಡರು. ಎಲ್ಲರೂ ನಗರದ ಬಡ ಕುಟುಂಬಗಳವರು, ಇಕ್ಕಟ್ಟಿನ ಮನೆಗಳಲ್ಲಿ ಇದ್ದವರು. ಯಾರು ಮನೆಯಲ್ಲಿ, ಯಾರು ಸ್ಯಾನಟೋರಿಯಂನಲ್ಲಿ ಎಂಬುದನ್ನು ವೈದ್ಯರು ತಮ್ಮ ಇಷ್ಟದಂತೆ ಆರಿಸಲಿಲ್ಲ. ಚೀಟಿ ಎತ್ತಿದ ಹಾಗೆ ಹಂಚಿದರು. ಹಾಗೆ ಮಾಡದಿದ್ದರೆ ಗಟ್ಟಿಮುಟ್ಟಾದವರನ್ನೇ ಒಂದು ಕಡೆ ಹಾಕಿದರು ಎಂಬ ಅನುಮಾನ ಬರುತ್ತಿತ್ತು. ಎರಡೂ ಕಡೆಯವರಿಗೆ ಒಂದೇ ಔಷಧ: ಐಸೊನಯಾಜಿಡ್ ಮತ್ತು ಪಿ.ಎ.ಎಸ್., 12 ತಿಂಗಳು.

ಸ್ಯಾನಟೋರಿಯಂನಲ್ಲಿ ಇದ್ದವರಿಗೆ ಒಳ್ಳೆಯ ಊಟ, ಹಾಸಿಗೆ, ವಿಶ್ರಾಂತಿ, ನರ್ಸುಗಳ ಆರೈಕೆ ಎಲ್ಲವೂ ಇತ್ತು. ಮನೆಯಲ್ಲಿ ಇದ್ದವರಿಗೆ ಮನೆಯ ಗಂಜಿ, ಸಾರು, ಮನೆಯ ಕೆಲಸ. ವರ್ಷದ ಕೊನೆಗೆ ಕಫದಲ್ಲಿ ರೋಗಾಣು ಇಲ್ಲದಂತೆ ಗುಣವಾದವರು ಸ್ಯಾನಟೋರಿಯಂನಲ್ಲಿ ನೂರಕ್ಕೆ 92. ಮನೆಯಲ್ಲಿ ನೂರಕ್ಕೆ 86. ಸ್ಯಾನಟೋರಿಯಂನವರು ತೂಕದಲ್ಲಿ ಹೆಚ್ಚು ಬಂದಿದ್ದರು ನಿಜ. ಆದರೆ ರೋಗ ಹೋಗಿದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ.

ಈ ಫಲಿತಾಂಶ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗುಣಪಡಿಸಿದ್ದು ಬೆಟ್ಟದ ಗಾಳಿಯೂ ಅಲ್ಲ, ಹಾಸಿಗೆಯೂ ಅಲ್ಲ, ತಪ್ಪದೆ ನುಂಗಿದ ಔಷಧ ಎಂದು ಜಗತ್ತಿಗೆ ಲೆಕ್ಕಸಮೇತ ತೋರಿಸಿದ್ದು ಮದ್ರಾಸು. ಅಲ್ಲಿಂದ ಮುಂದೆ ಬೇರೆ ಬೇರೆ ದೇಶಗಳ ಸ್ಯಾನಟೋರಿಯಂಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಬೇರೆ ಆಸ್ಪತ್ರೆಗಳಾದವು. ಎರಡೇ ವರ್ಷದ ನಂತರ, 1961ರಲ್ಲಿ, ನನ್ನ ಅಜ್ಜಿ ತಿರುವಲ್ಲಿಕೇಣಿಯ ವಠಾರದಲ್ಲೇ ಇದ್ದು, ಮಗಳಿಗೆ ಜಡೆ ಹಾಕುತ್ತ, ಒಲೆಯ ಮುಂದೆ ಕೂತು ಅನ್ನ ಬಸಿಯುತ್ತ ಗುಣವಾದದ್ದು ಇದರಿಂದ.

ಲೋಟ ಬೇರೆ ಇಡಬೇಕಿತ್ತೇ?

ಆದರೂ ಒಂದು ದೊಡ್ಡ ಅನುಮಾನ ಉಳಿದಿತ್ತು. ರೋಗಿ ಮನೆಯಲ್ಲೇ ಇದ್ದರೆ ಮಕ್ಕಳಿಗೆ, ಗಂಡನಿಗೆ, ಅತ್ತೆಗೆ ರೋಗ ಹರಡುವುದಿಲ್ಲವೇ? ಚೇಟ್‌ಪೇಟೆಯವರು ಇದನ್ನೂ ಬಿಡಲಿಲ್ಲ. ಎರಡೂ ಗುಂಪಿನ ರೋಗಿಗಳ ಮನೆಯವರನ್ನು ಐದು ವರ್ಷ ಕಾಲ ಬಿಡದೆ ಪರೀಕ್ಷಿಸಿದರು. ರೋಗಿಯನ್ನು ಒಂದು ವರ್ಷ ದೂರ ಇಟ್ಟ ಮನೆಗಳಿಗೂ, ರೋಗಿ ಜೊತೆಯಲ್ಲೇ ಇದ್ದ ಮನೆಗಳಿಗೂ ವ್ಯತ್ಯಾಸ ಕಾಣಲಿಲ್ಲ. 1966ರಲ್ಲಿ ಪ್ರಕಟವಾದ ಈ ವರದಿ ನನಗೆ ಮೊದಲನೆಯದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಕಾರಣವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ರೋಗ ಹರಡುವುದು ಹೆಚ್ಚಾಗಿ ಚಿಕಿತ್ಸೆ ಶುರುವಾಗುವ ಮೊದಲು, ಕೆಮ್ಮು ಏನೆಂದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಕಳೆಯುವಾಗ. ಸರಿಯಾದ ಔಷಧ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ. ಇನ್ನೊಂದು ಮಾತು. ಶ್ವಾಸಕೋಶದ ಕ್ಷಯ ಗಾಳಿಯಿಂದ ಹರಡುತ್ತದೆ, ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಹೊರಬರುವ ಅತಿ ಸಣ್ಣ ಹನಿಗಳಿಂದ. ತಟ್ಟೆ, ಲೋಟ, ಬಟ್ಟೆ, ಹಾಸಿಗೆ, ಕೈ ಮುಟ್ಟುವುದು, ಇವುಗಳಿಂದ ಹರಡುವುದಿಲ್ಲ. ನಲವತ್ತು ವರ್ಷ ಅಜ್ಜಿ ಬೇರೆ ಇಟ್ಟುಕೊಂಡಿದ್ದ ಆ ಲೋಟ ಯಾರನ್ನೂ ಕಾಪಾಡಲಿಲ್ಲ. ಕಾಪಾಡುವ ಅಗತ್ಯವೇ ಇರಲಿಲ್ಲ.

ಮಾತ್ರೆ ನುಂಗುವುದೇ ಕಷ್ಟ

ಎಲ್ಲವೂ ಸುಲಭವಾಯಿತು ಎಂದುಕೊಳ್ಳಬೇಡಿ. ಪಿ.ಎ.ಎಸ್. ಅನ್ನು ದಿನಕ್ಕೆ ಗ್ರಾಮುಗಟ್ಟಲೆ ನುಂಗಬೇಕಿತ್ತು. ಹೊಟ್ಟೆ ತೊಳಸುತ್ತಿತ್ತು, ವಾಂತಿ, ಭೇದಿ. ಒಂದೆರಡು ತಿಂಗಳಲ್ಲಿ ಕೆಮ್ಮು ಜ್ವರ ನಿಂತು ಮೈಗೆ ಹಿತವಾದ ಮೇಲೆ "ಇನ್ನೇಕೆ ಮಾತ್ರೆ" ಎಂದು ಬಿಟ್ಟವರು ಬಹಳ. ಚೇಟ್‌ಪೇಟೆಯ ಸಿಬ್ಬಂದಿ ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡಿ ಔಷಧ ಹೊಟ್ಟೆಗೆ ಹೋಗಿದೆಯೋ ಇಲ್ಲವೋ ನೋಡುತ್ತಿದ್ದರು. ಅಮ್ಮ ಹೇಳುತ್ತಾರೆ, ನಮ್ಮ ಅಜ್ಜಿಯೂ ಒಮ್ಮೆ ನಾಲ್ಕು ದಿನದ ಮಾತ್ರೆಯನ್ನು ಅಕ್ಕಿಡಬ್ಬದಲ್ಲಿ ಬಚ್ಚಿಟ್ಟಿದ್ದರಂತೆ. ನರ್ಸಮ್ಮ ಬೈಯಲಿಲ್ಲವಂತೆ. "ಮಗಳ ಮದುವೆ ನೋಡಬೇಕೋ ಬೇಡವೋ?" ಎಂದು ತಮಿಳಿನಲ್ಲಿ ಕೇಳಿದರಂತೆ, ಅಷ್ಟೇ.

ಈ ಅನುಭವದಿಂದಲೇ ಇನ್ನೊಂದು ದಾರಿ ಹುಟ್ಟಿತು. ದಿನವೂ ಮನೆಯಲ್ಲಿ ನುಂಗುವ ಬದಲು ವಾರಕ್ಕೆ 2 ಸಲ ಕ್ಲಿನಿಕ್ಕಿಗೆ ಬಂದು, ಸಿಬ್ಬಂದಿಯ ಕಣ್ಣೆದುರಿಗೇ ಔಷಧ ತೆಗೆದುಕೊಂಡರೂ ಗುಣವಾಗುತ್ತದೆ ಎಂದು ಮದ್ರಾಸಿನ ಇದೇ ಕೇಂದ್ರ 1964ರಲ್ಲಿ ತೋರಿಸಿತು. 1990ರ ದಶಕದಲ್ಲಿ ಡಾಟ್ಸ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಬಂದ ಕಾರ್ಯಕ್ರಮದ ಒಂದು ಬೇರು ಇಲ್ಲಿದೆ. ರಿಫಾಂಪಿಸಿನ್ ಮುಂತಾದ ಬಲವಾದ ಔಷಧಗಳು ಬಂದ ಮೇಲೆ ಒಂದು ವರ್ಷಕ್ಕೂ ಮೀರಿದ ಚಿಕಿತ್ಸೆ 6 ತಿಂಗಳಿಗೆ ಇಳಿಯಿತು. ಮಹಿಳಾ ಸಂಚಿಕೆಯಾದ್ದರಿಂದ ಇದನ್ನೂ ಹೇಳಬೇಕು: ಈ ಸಂಸ್ಥೆಯಲ್ಲಿ ಮಕ್ಕಳ ಕ್ಷಯದ ಮೇಲೆ ಕೆಲಸ ಮಾಡಿ, ಮುಂದೆ ಅದರ ನಿರ್ದೇಶಕಿಯಾಗಿ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ವಿಜ್ಞಾನಿಯಾದವರು ಡಾ. ಸೌಮ್ಯಾ ಸ್ವಾಮಿನಾಥನ್.

ತುಮಕೂರು ಹೇಳಿದ ಸತ್ಯ

ಮದ್ರಾಸಿನ ಪಾಠವನ್ನು ಇಡೀ ದೇಶಕ್ಕೆ ತಲುಪಿಸುವ ಕೆಲಸ ನಮ್ಮ ಬೆಂಗಳೂರಿನ ಪಾಲಿಗೆ ಬಂತು. 1959ರ ಸೆಪ್ಟೆಂಬರ್ 16ರಂದು ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಉದ್ಘಾಟಿಸಿದವರು, ಇದೇ ರೋಗಕ್ಕೆ ಹೆಂಡತಿಯನ್ನು ಕಳೆದುಕೊಂಡಿದ್ದ ಪ್ರಧಾನಿ ನೆಹರೂ. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡದ್ದು ಅಲ್ಲೇ.

ಆ ಸಂಸ್ಥೆಯ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಜನರ ನಡುವೆ ಒಂದು ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ರೋಗ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಇವರು ಕಂಡದ್ದು ಬೇರೆ. ಕ್ಷಯವಿದ್ದವರಲ್ಲಿ ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ. ಕಫ ಪರೀಕ್ಷೆ ಮಾಡಿದವರಿಲ್ಲ. ಅರಿವಿನ ಕೊರತೆ ರೋಗಿಯದ್ದಾಗಿರಲಿಲ್ಲ.

ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಅರವತ್ತು ವರ್ಷದ ನಂತರ ಇದೇ ಚೆನ್ನೈನಲ್ಲಿ ನನ್ನ ಮಗಳಿಗೂ ಹಾಗೇ ಆಗಿತ್ತು.

ನಮ್ಮ ಮನೆಯಲ್ಲಿ

ನನ್ನ ಮಗಳು ಓಲ್ಡ್ ಮಹಾಬಲಿಪುರಂ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಕಳೆದ ವರ್ಷ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ನೋವಿಲ್ಲ. ಸಂಜೆ ಹೊತ್ತು ಸಣ್ಣಗೆ ಜ್ವರ, ತೂಕ ಇಳಿಯುತ್ತಿತ್ತು. ತೂಕ ಇಳಿದದ್ದನ್ನು ಡಯಟ್ ಎಂದುಕೊಂಡು ನಾನೇ ಮೆಚ್ಚಿದ್ದೆ! ಹತ್ತಿರದ ಒಬ್ಬ ವೈದ್ಯರು ಎರಡು ಸಲ ಆಂಟಿಬಯಾಟಿಕ್ ಕೊಟ್ಟರು. ಎರಡು ತಿಂಗಳು ಹಾಗೇ ಹೋಯಿತು. ಕೊನೆಗೆ ಇನ್ನೊಬ್ಬರು ಸೂಜಿಯಿಂದ ಗಂಟಿನ ಮಾದರಿ ತೆಗೆಸಿ ಪರೀಕ್ಷೆ ಮಾಡಿಸಿದರು. ಕ್ಷಯ. ವಯಸ್ಸು 26. ಅಜ್ಜಿಗೆ ಬಂದಾಗ ಇದ್ದ ವಯಸ್ಸೇ.

ಅವತ್ತು ರಾತ್ರಿ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಡುಗೆಮನೆಗೆ ಹೋಗಿ ಅವಳ ತಟ್ಟೆ ಲೋಟ ತೆಗೆದು ಬೇರೆ ಇಟ್ಟೆ. ಓದಿದವಳು ನಾನು. ಕೈ ತಾನಾಗಿಯೇ ಹಾಗೆ ಮಾಡಿತು. ಬೆಳಿಗ್ಗೆ ಅವಳು ನೋಡಿದಳು. "ಅಮ್ಮ, ಡಾಕ್ಟರು ಹೇಳಿದ್ದು ಕೇಳಿಸಲಿಲ್ವಾ? ಗಂಟಿನ ಟಿ.ಬಿ. ಯಾರಿಗೂ ಹರಡಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಮುತ್ತಜ್ಜಿ ಲೋಟದ ಕಥೆ ನೀನೇ ಹೇಳಿದ್ದೆ" ಎಂದಳು. ನನಗೆ ಮಾತು ಹೊರಡಲಿಲ್ಲ. ತಟ್ಟೆ ಲೋಟ ಎರಡನ್ನೂ ವಾಪಸ್ ಸ್ಟ್ಯಾಂಡಿನಲ್ಲಿ ಇಟ್ಟೆ.

ಆಗ ಅವಳಿಗೆ ಸಂಬಂಧದ ಮಾತುಕತೆ ನಡೆಯುತ್ತಿತ್ತು. "ಆರು ತಿಂಗಳು ಮುಂದೆ ಹಾಕಿ, ಏನೂ ಹೇಳಬೇಡಿ" ಎಂದು ನೆಂಟರು ಬುದ್ಧಿ ಹೇಳಿದರು. ಅಜ್ಜ ಹೇಳಿದ "ಅಸ್ತಮಾ" ನೆನಪಾಯಿತು. ಮಗಳೇ ಹುಡುಗನಿಗೆ ಫೋನ್ ಮಾಡಿ ಹೇಳಿದಳು. ಅವರ ಮನೆಯವರು ಒಂದು ವಾರ ಸುಮ್ಮನಿದ್ದರು. ಆ ವಾರ ನಮಗೆ ವರ್ಷದಂತೆ ಕಳೆಯಿತು. ಆಮೇಲೆ ಹುಡುಗನ ತಾಯಿ ಬಂದರು. "ನನ್ನ ಅಣ್ಣನಿಗೂ ಆಗಿತ್ತು, ನಮ್ಮಲ್ಲೂ ಯಾರಿಗೂ ಹೇಳಿರಲಿಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಮಗಳ ಚಿಕಿತ್ಸೆ ಮುಗಿದಿದೆ. ಮದುವೆ ಮುಂದಿನ ಮಾಘದಲ್ಲಿ.

ನಾನು ಕಲಿತದ್ದು

ಸ್ನೇಹಿತೆಯರೇ, ಈ ಆರು ತಿಂಗಳಲ್ಲಿ ವೈದ್ಯರಿಂದ ತಿಳಿದುಕೊಂಡ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಯಾವುದಿದ್ದರೂ "ಟಿ.ಬಿ. ಪರೀಕ್ಷೆ ಬೇಕೇ?" ಎಂದು ನೀವೇ ಬಾಯಿ ಬಿಟ್ಟು ಕೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು. ನಮ್ಮ ಸಂಘದಲ್ಲಿ ಸಕ್ಕರೆ ಇಲ್ಲದ ಮನೆ ಎಷ್ಟಿವೆ ಹೇಳಿ? ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಗ್ರಂಥಿ, ಮೂಳೆ, ಗರ್ಭಕೋಶಕ್ಕೂ ಬರಬಹುದು. ಮಕ್ಕಳಾಗದಿರುವುದಕ್ಕೆ ಅದೂ ಒಂದು ಕಾರಣವಾಗಿರಬಹುದು.

ಮಾಮೂಲಿ ಕ್ಷಯಕ್ಕೆ ಚಿಕಿತ್ಸೆ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧ, ನಂತರದ 4 ತಿಂಗಳು ಮೂರು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ತಕ್ಷಣ ವೈದ್ಯರಿಗೆ ಹೇಳಬೇಕು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು, ಏಕೆಂದರೆ ರಿಫಾಂಪಿಸಿನ್ ಆ ಗುಳಿಗೆಯ ಬಲ ಕುಗ್ಗಿಸುತ್ತದೆ. ಹಿತವಾಯಿತು ಎಂದು ಮಧ್ಯದಲ್ಲಿ ಬಿಡುವಂತಿಲ್ಲ. ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಬರಬಹುದು, ಅದರ ಚಿಕಿತ್ಸೆ ಇನ್ನೂ ಕಷ್ಟ.

ಶ್ವಾಸಕೋಶದ ಕ್ಷಯವಾದರೆ ಮೊದಲ ಕೆಲವು ವಾರ ರೋಗಿ ಮಾಸ್ಕ್ ಹಾಕಿಕೊಳ್ಳಲಿ, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಲಿ, ಕಿಟಕಿ ತೆರೆದಿರಲಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲಿ. ಪಾತ್ರೆ ಬೇರೆ ಮಾಡುವುದು ಬೇಡ.

ಇನ್ನು ಊಟ. ಚೇಟ್‌ಪೇಟೆಯ ಪಾಠವನ್ನು "ಊಟ ಮುಖ್ಯವಲ್ಲ" ಎಂದು ತಪ್ಪಾಗಿ ತಿಳಿಯಬಾರದು. ಔಷಧವಿಲ್ಲದೆ ಊಟ ಒಂದೇ ಗುಣಪಡಿಸದು, ಅಷ್ಟೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಚೆನ್ನೈನ ಇದೇ ಸಂಸ್ಥೆಯವರು ಸೇರಿ ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ತಿಂಗಳ ತಿಂಗಳ ಪೌಷ್ಟಿಕ ರೇಷನ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು 40 ಶೇಕಡ ತಗ್ಗಿತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಅಭ್ಯಾಸ ನಮ್ಮ ಹೆಂಗಸರದ್ದು. ಅದನ್ನು ಬಿಡಬೇಕು.

ಕಳೆದ ವಾರ ತಾಂಬರಂಗೆ ರೈಲಿನಲ್ಲಿ ಹೋದೆ. ಸ್ಯಾನಟೋರಿಯಂ ನಿಲ್ದಾಣ ಬಂದಾಗ ಅಜ್ಜಿ ಮುಖ ತಿರುಗಿಸಿಕೊಳ್ಳುತ್ತಿದ್ದುದು ನೆನಪಾಯಿತು. ನಾನು ಕಿಟಕಿಯಿಂದ ಬೋರ್ಡನ್ನು ಪೂರ್ತಿ ಓದಿದೆ. ಅಜ್ಜಿಯ ಹಿತ್ತಾಳೆ ಲೋಟ ಈಗ ನಮ್ಮ ಮನೆಯಲ್ಲಿದೆ, ಬೇರೆ ಗೂಡಿನಲ್ಲಲ್ಲ, ಎಲ್ಲ ಲೋಟಗಳ ಜೊತೆಗೆ. ಹುಣಸೆಹಣ್ಣು ಹಾಕಿ ಬೆಳಗಿದ್ದೇನೆ. ಗೀಚಿದ ಗುರುತು ಹೋಗಿಲ್ಲ. ಬೆಳಗಿನ ಕಾಫಿ ಯಾರ ಕೈಗೆ ಅದು ಸಿಕ್ಕುತ್ತದೋ ಅವರು ಅದರಲ್ಲೇ ಕುಡಿಯುತ್ತಾರೆ.

ನಿಮ್ಮ ಮನೆಗಳಲ್ಲೂ ಇಂಥ ಒಂದು ಲೋಟ, ಹೇಳದೆ ಉಳಿದ ಒಂದು ಕಥೆ ಇರಬಹುದು. ಹಿರಿಯರು ಇರುವಾಗಲೇ ಕೇಳಿ, ಮಕ್ಕಳಿಗೆ ಹೇಳಿ.